ಮುಂದಿನ ಸಾಲಿನಲ್ಲಿ ಕೂರುವವರು ಯಾರು?

ಸಿನಿಮಾ ನೋಡಬೇಕೆಂದರೆ ಟಿಕೆಟ್ ಕೊಳ್ಳಬೇಕು. ಕ್ರಿಕೆಟ್ ನೋಡಬೇಕೆಂದರೆ ಸರತಿಯಲ್ಲಿ ನಿಲ್ಲಬೇಕು. ರಾಮನವಮಿಯ ದಿನಗಳಲ್ಲಿ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ಸಂಗೀತ ಕಛೇರಿಗಳಿಗೆ ಹೋಗುತ್ತಿದ್ದ ರಸಿಕರಿಗಂತೂ ಇನ್ನೂ ಸಲೀಸು. ಚಪ್ಪರದೊಳಗೆ ಕುರ್ಚಿ ಸಿಗದಿದ್ದರೂ ಹೊರಗೆ ರಸ್ತೆ ಬದಿಯಲ್ಲಿ ನಿಂತು ಕೇಳಿದರೆ ಬೇಡ ಎನ್ನುವವರಿರಲಿಲ್ಲ. ಆದರೆ ಫ್ಯಾಷನ್ ವೀಕ್ ಎಂಬ ಪ್ರದರ್ಶನದ ರೀತಿಯೇ ಬೇರೆ. ಅಲ್ಲಿನ ಮುಂದಿನ ಸಾಲಿನ ಕುರ್ಚಿ ಸಾಮಾನ್ಯವಾಗಿ ಮಾರಾಟಕ್ಕಿಲ್ಲ. ಅದನ್ನು ಕೊಡುವವರು ಕರೆದು ಕೊಡಬೇಕು. ಯಾರನ್ನು ಕರೆಯಬೇಕು, ಯಾರನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ಬಟ್ಟೆಗಳಷ್ಟೇ ಮುತುವರ್ಜಿಯಿಂದ ತೀರ್ಮಾನಿಸಲಾಗುತ್ತದೆ.

ಇದೇಕೆ ಹೀಗೆ? ಹದಿನೈದು ನಿಮಿಷ ನಡೆಯುವ ಒಂದು ಪ್ರದರ್ಶನಕ್ಕೆ ಇಷ್ಟೊಂದು ಕಟ್ಟುಪಾಡು ಯಾಕೆ? ಉತ್ತರ ಸರಳವಾಗಿದೆ. ಫ್ಯಾಷನ್ ಷೋ ಹುಟ್ಟಿದ್ದು ಮನರಂಜನೆಗಾಗಿ ಅಲ್ಲ, ವ್ಯಾಪಾರಕ್ಕಾಗಿ. ಅದು ಮೂಲತಃ ಒಂದು ಸಂತೆ. ಸಂತೆಯಲ್ಲಿ ಮೊದಲು ಮಣೆ ಹಾಕುವುದು ಕೊಳ್ಳುವವರಿಗೆ, ಆಮೇಲೆ ಸುದ್ದಿ ಹಬ್ಬಿಸುವವರಿಗೆ. ಬರೀ ನೋಡಲು ಬಂದವರು ಹಿಂದೆ ನಿಲ್ಲಬೇಕಾಗುತ್ತದೆ.

ಪ್ಯಾರಿಸ್ಸಿನ ಅಂಗಡಿಯಿಂದ

ಈ ಕಥೆ ಆರಂಭವಾಗುವುದು ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನಲ್ಲಿ. ಇಂಗ್ಲೆಂಡಿನಿಂದ ಅಲ್ಲಿಗೆ ಬಂದ ಚಾರ್ಲ್ಸ್ ಫ್ರೆಡರಿಕ್ ವರ್ತ್ 1858ರ ಸುಮಾರಿಗೆ ಸ್ವಂತ ಅಂಗಡಿ ತೆರೆದ. ಅದುವರೆಗೆ ಸಿರಿವಂತ ಹೆಂಗಸರು ದರ್ಜಿಯನ್ನು ಮನೆಗೆ ಕರೆಸಿ, ತಮಗೆ ಬೇಕಾದಂತೆ ಹೊಲಿಸಿಕೊಳ್ಳುತ್ತಿದ್ದರು. ವರ್ತ್ ಇದನ್ನು ತಿರುಗುಮುರುಗು ಮಾಡಿದ. ಉಡುಪುಗಳನ್ನು ತಾನೇ ಮೊದಲು ವಿನ್ಯಾಸಗೊಳಿಸಿ, ಜೀವಂತ ಯುವತಿಯರಿಗೆ ತೊಡಿಸಿ, ಗ್ರಾಹಕರ ಮುಂದೆ ನಡೆದಾಡಿಸಿದ. ಆತನ ಹೆಂಡತಿ ಮರೀ ವರ್ನೆ ಇಂತಹ ಮೊದಲ ರೂಪದರ್ಶಿಗಳಲ್ಲಿ ಒಬ್ಬಳು. ಆಯ್ಕೆ ಮಾಡುವುದಷ್ಟೇ ಗ್ರಾಹಕಿಯ ಪಾಲಿಗೆ ಉಳಿಯಿತು. ಹಾಗೆ ಹೊಲಿಸಿಕೊಳ್ಳುತ್ತಿದ್ದವಳು ನೋಡುವವಳಾದಳು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ 'ಲೂಸಿಲ್' ಸಂಸ್ಥೆಯ ಒಡತಿ ಲೇಡಿ ಡಫ್ ಗಾರ್ಡನ್ ಇದಕ್ಕೆ ನಾಟಕದ ಮೆರುಗು ಕೊಟ್ಟಳು. ಆಹ್ವಾನ ಪತ್ರಿಕೆ, ಪುಟ್ಟ ವೇದಿಕೆ, ಪರದೆ, ಸಂಗೀತ, ಪ್ರತಿ ಉಡುಪಿಗೂ ಒಂದೊಂದು ಕಾವ್ಯಮಯ ಹೆಸರು ಎಲ್ಲವೂ ಬಂದವು. ಮಾರಾಟವೆಂಬುದು ಗೊತ್ತಾಗದ ಹಾಗೆ ಮಾರಾಟ ಮಾಡುವ ಕಲೆ ಅದು.

ಪ್ರೇಕ್ಷಕನೆಂದರೆ ವಿನ್ಯಾಸಕಾರರಿಗೆ ಆಸೆಯೂ ಹೌದು, ಭಯವೂ ಹೌದು. ಕಂಡದ್ದನ್ನು ನೆನಪಿಟ್ಟುಕೊಂಡು ಹೊರಗೆ ಹೋಗಿ ನಕಲು ಮಾಡಿದರೆ? ಈ ಅಂಜಿಕೆಯಿಂದ ಪ್ಯಾರಿಸ್ಸಿನ ಹೆಸರಾಂತ ಮನೆಗಳು ಪ್ರದರ್ಶನದ ವೇಳೆ ಚಿತ್ರ ಬರೆದುಕೊಳ್ಳುವುದನ್ನೇ ನಿಷೇಧಿಸಿದ್ದವು. ವಿದೇಶಿ ವ್ಯಾಪಾರಿಗಳು ಒಳಗೆ ಬರಬೇಕಾದರೆ ಮೊದಲೇ ಠೇವಣಿ ಕಟ್ಟಬೇಕಿತ್ತು. ಬಟ್ಟೆ ಕೊಂಡರೆ ಆ ಹಣ ಲೆಕ್ಕಕ್ಕೆ ಜಮೆಯಾಗುತ್ತಿತ್ತು. ನೋಡುವುದಕ್ಕೂ ಬೆಲೆಯಿದೆ ಎಂಬುದನ್ನು ಈ ಉದ್ಯಮ ಬಹಳ ಹಿಂದೆಯೇ ಅರಿತಿತ್ತು.

ಇಂದಿನ 'ವೀಕ್' ಎಂಬ ರೂಪ ಬಂದದ್ದು ಯುದ್ಧದ ದೆಸೆಯಿಂದ. ಎರಡನೇ ಮಹಾಯುದ್ಧದಲ್ಲಿ ಪ್ಯಾರಿಸ್ ಜರ್ಮನರ ಕೈವಶವಾದಾಗ ಅಮೆರಿಕದ ಪತ್ರಿಕೆಗಳಿಗೆ ಅಲ್ಲಿನ ಸುದ್ದಿ ನಿಂತುಹೋಯಿತು. ಪ್ರಚಾರ ತಜ್ಞೆ ಎಲಿನಾರ್ ಲ್ಯಾಂಬರ್ಟ್ 1943ರಲ್ಲಿ ನ್ಯೂಯಾರ್ಕಿನಲ್ಲಿ ಪತ್ರಕರ್ತರಿಗೆಂದೇ 'ಪ್ರೆಸ್ ವೀಕ್' ಏರ್ಪಡಿಸಿ, ಅಮೆರಿಕದ ವಿನ್ಯಾಸಕಾರರನ್ನು ಮುಂದೆ ತಂದಳು. ಮುಂದೆ ಪ್ಯಾರಿಸ್, ಮಿಲಾನ್, ಲಂಡನ್ ನಗರಗಳೂ ತಮ್ಮ ತಮ್ಮ ವಾರಗಳನ್ನು ಗೊತ್ತುಮಾಡಿಕೊಂಡವು. ಈ ನಾಲ್ಕು ನಗರಗಳ ಪಂಚಾಂಗವೇ ಇಂದಿಗೂ ಜಗತ್ತಿನ ಬಟ್ಟೆ ವ್ಯಾಪಾರದ ಪಂಚಾಂಗ. ಸೆಪ್ಟೆಂಬರಿನಲ್ಲಿ ಮುಂದಿನ ವರ್ಷದ ವಸಂತದ ಉಡುಪು, ಫೆಬ್ರುವರಿಯಲ್ಲಿ ಮುಂದಿನ ಚಳಿಗಾಲದ ಉಡುಪು. ಸುಮಾರು ಆರು ತಿಂಗಳ ಈ ಅಂತರ ಬೇಡಿಕೆ ಪಡೆಯಲು, ಬಟ್ಟೆ ತರಿಸಲು, ಹೊಲಿಸಲು, ಅಂಗಡಿಗೆ ತಲುಪಿಸಲು ಇಟ್ಟುಕೊಂಡ ಕಾಲ.

ಹದಿನೈದು ನಿಮಿಷದ ಒಳಗೆ

ಒಳಗೆ ಹೋದ ಪ್ರೇಕ್ಷಕನಿಗೆ ಕಾಣುವುದೇನು? ಮೊದಲು ಕಾಣುವುದು ಕಾಯುವಿಕೆ. ಹೇಳಿದ ಹೊತ್ತಿಗೆ ಶುರುವಾಗುವ ಷೋಗಳು ಕಡಿಮೆ. ನಡುವೆ ಉದ್ದನೆಯ ಓಣಿಯಂತಹ ರ‍್ಯಾಂಪ್. ಅದರ ಎರಡೂ ಪಕ್ಕಗಳಲ್ಲಿ ಎದುರುಬದುರಾಗಿ ಕುರ್ಚಿಗಳು. ಓಣಿಯ ಕೊನೆಯಲ್ಲಿ ಮೆಟ್ಟಿಲು ಮೆಟ್ಟಿಲಾದ ಅಟ್ಟಣೆ. ಅದು ಛಾಯಾಗ್ರಾಹಕರ ಜಾಗ. ರೂಪದರ್ಶಿ ನಡೆದು ಬಂದು ನಿಲ್ಲುವುದು, ತಿರುಗುವುದು ಎಲ್ಲವೂ ಅವರ ಮುಂದೆಯೇ. ಅಲ್ಲಿ ಕ್ಲಿಕ್ಕಿಸಿದ ಚಿತ್ರವೇ ಮರುದಿನದ ಪತ್ರಿಕೆಗೆ, ಈಗ ಮರುಕ್ಷಣದ ಮೊಬೈಲಿಗೆ ಹೋಗುವುದು.

ಕುರ್ಚಿಗಳನ್ನು ಎದುರುಬದುರಾಗಿ ಇಟ್ಟಿರುವುದರಲ್ಲಿ ಒಂದು ಸೂಕ್ಷ್ಮವಿದೆ. ನಾಟಕದಲ್ಲಿ ಪ್ರೇಕ್ಷಕರೆಲ್ಲ ಕತ್ತಲೆಯಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ. ಇಲ್ಲಿ ಅರ್ಧ ಪ್ರೇಕ್ಷಕರು ಉಳಿದರ್ಧ ಪ್ರೇಕ್ಷಕರನ್ನೇ ನೋಡುತ್ತಿರುತ್ತಾರೆ. ರ‍್ಯಾಂಪಿನ ಬೆಳಕು ಮುಂದಿನ ಸಾಲಿನವರ ಮೇಲೂ ಬೀಳುತ್ತದೆ. ಹೀಗಾಗಿ ಮುಂದೆ ಕುಳಿತ ಚಿತ್ರನಟಿ, ಉದ್ಯಮಿಯ ಪತ್ನಿ, ಪತ್ರಿಕಾ ಸಂಪಾದಕಿ ಇವರೆಲ್ಲ ಏಕಕಾಲಕ್ಕೆ ನೋಡುವವರೂ ಹೌದು, ನೋಡಿಸಿಕೊಳ್ಳುವವರೂ ಹೌದು.

ದೀಪ ಆರುತ್ತದೆ, ಸಂಗೀತ ಏರುತ್ತದೆ, ಮೊದಲ ರೂಪದರ್ಶಿ ಬರುತ್ತಾಳೆ. ಕನ್ನಡ ಪತ್ರಿಕೆಗಳು 'ಮಾರ್ಜಾಲ ನಡಿಗೆ' ಎಂದು ಕರೆದ, ಒಂದೇ ಗೆರೆಯ ಮೇಲೆ ಹೆಜ್ಜೆಯ ಮುಂದೆ ಹೆಜ್ಜೆ ಇಡುವ ಆ ನಡಿಗೆ. ಮುಖದಲ್ಲಿ ನಗುವಿಲ್ಲ, ಸಿಟ್ಟಿಲ್ಲ. ಹೊಸಬರು ಇದನ್ನು ಜಂಬವೆಂದು ತಿಳಿಯುವುದುಂಟು. ನಿಜಕ್ಕೂ ಅದು ಕಸುಬಿನ ಶಿಸ್ತು. ಮುಖ ಮಾತನಾಡಿದರೆ ಕಣ್ಣು ಮುಖದ ಮೇಲೆ ನಿಲ್ಲುತ್ತದೆ. ಬಟ್ಟೆ ಮಾತನಾಡಬೇಕಾದರೆ ಮುಖ ಸುಮ್ಮನಿರಬೇಕು. ಮೂವತ್ತು ನಲವತ್ತು ಉಡುಪುಗಳು ಹೀಗೆ ಹಾದುಹೋಗುತ್ತವೆ. ಒಂದೊಂದಕ್ಕೂ ಸಿಗುವುದು ಅರ್ಧ ನಿಮಿಷ ಮಾತ್ರ. ಭಾರತದ ಷೋಗಳಲ್ಲಿ ಕೊನೆಗೆ 'ಷೋ ಸ್ಟಾಪರ್' ಎಂಬ ಹೆಸರಿನಲ್ಲಿ ಒಬ್ಬ ತಾರೆ ಬರುವುದು ವಾಡಿಕೆ. ಆಮೇಲೆ ವಿನ್ಯಾಸಕ ಬಂದು ಕೈಮುಗಿಯುತ್ತಾನೆ. ಅಲ್ಲಿಗೆ ಮುಗಿಯಿತು.

ಬಲ್ಲವರು ಈ ಅರ್ಧ ನಿಮಿಷದಲ್ಲಿ ನೋಡುವುದು ಬೇರೆಯೇ ಸಂಗತಿಗಳನ್ನು. ಭುಜದ ಹೊಲಿಗೆ ನೇರವಾಗಿ ಕೂತಿದೆಯೇ, ನಡೆಯುವಾಗ ಬಟ್ಟೆ ಹೇಗೆ ಬೀಳುತ್ತದೆ, ರೂಪದರ್ಶಿ ತಿರುಗಿದಾಗ ಬೆನ್ನಿನ ಭಾಗ ಮುಂಭಾಗದಷ್ಟೇ ಅಚ್ಚುಕಟ್ಟಾಗಿದೆಯೇ, ಅಂಚು ಮಡಿಸಿದ ಬಗೆ ಯಾವುದು. ಕಸೂತಿಯನ್ನು ಕೈಯಲ್ಲಿ ಹಾಕಿದ್ದೋ ಯಂತ್ರದ್ದೋ ಎಂದು ದೂರದಿಂದಲೇ ಊಹಿಸುವವರಿದ್ದಾರೆ. ಧಾರವಾಡದ ಕಸೂತಿಯನ್ನು ಕಂಡ ಮನೆಯ ಅಜ್ಜಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸೀರೆಯ ಅಂಗಡಿಯಲ್ಲಿ ಸೆರಗು ತಿರುವಿ ಒಳಮೈ ನೋಡುವ ಜಯನಗರದ ಗೃಹಿಣಿಯೂ ಇದೇ ಪರೀಕ್ಷೆ ಮಾಡುತ್ತಾಳೆ. ಆಕೆಗೆ ಆಹ್ವಾನ ಪತ್ರಿಕೆ ಬಂದಿರುವುದಿಲ್ಲ, ಅಷ್ಟೆ.

ದರ್ಬಾರು ಮತ್ತು ಪಾಸು

ಆಸನದ ಮರ್ಯಾದೆ ಎಂಬುದು ಕನ್ನಡ ನಾಡಿಗೆ ಹೊಸತೇನಲ್ಲ. ಮೈಸೂರಿನ ದಸರಾ ದರ್ಬಾರಿನಲ್ಲಿ ಯಾರು ಎಲ್ಲಿ ಕೂರಬೇಕು, ಏನು ಉಡಬೇಕು ಎಂಬುದಕ್ಕೆ ಕಟ್ಟುನಿಟ್ಟಿನ ಕ್ರಮವಿತ್ತು. ನಿಲುವಂಗಿ, ಪೇಟ ಇಲ್ಲದೆ ಪ್ರವೇಶವಿರಲಿಲ್ಲ. ಯುರೋಪಿಯನ್ನರಿಗೆಂದೇ ಬೇರೆ ದರ್ಬಾರು ನಡೆಯುತ್ತಿತ್ತು. ಅಲ್ಲಿಯೂ ಸಿಂಹಾಸನದಷ್ಟೇ ಸಭಿಕರ ಸಾಲುಗಳೂ ನೋಟದ ಭಾಗವಾಗಿದ್ದವು. ಇಂದು ಜಂಬೂಸವಾರಿಯ ದಿನ ಅರಮನೆಯೊಳಗಿನ ಕುರ್ಚಿಗೆ ಪಾಸು ಹೊಂದಿಸಲು ನಡೆಯುವ ಪರದಾಟ ಎಲ್ಲರಿಗೂ ಗೊತ್ತು. ಆದರೂ ಒಂದು ವ್ಯತ್ಯಾಸವಿದೆ. ಪಾಸಿಲ್ಲದವರಿಗೆ ಸಯ್ಯಾಜಿರಾವ್ ರಸ್ತೆ ಇದೆ. ಅಂಬಾರಿ ಅವರ ಮುಂದೆಯೂ ಹಾದುಹೋಗುತ್ತದೆ. ಫ್ಯಾಷನ್ ಷೋಗೆ ಅಂತಹ ರಸ್ತೆ ಇರಲಿಲ್ಲ.

ಬೆಂಗಳೂರಿಗೆ ರ‍್ಯಾಂಪ್ ಎಂಬುದು ದೊಡ್ಡ ಸುದ್ದಿಯಾಗಿ ಬಂದದ್ದು 1996ರಲ್ಲಿ. ಅದು ಫ್ಯಾಷನ್ ವೀಕ್ ಅಲ್ಲ, ವಿಶ್ವಸುಂದರಿ ಸ್ಪರ್ಧೆ. ಆರ್ಥಿಕ ಉದಾರೀಕರಣ ಶುರುವಾಗಿ ಐದು ವರ್ಷವಾಗಿತ್ತು. 1994ರಲ್ಲಿ ಸುಷ್ಮಿತಾ ಸೇನ್ ಭುವನಸುಂದರಿಯಾಗಿ, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವಸುಂದರಿಯಾಗಿ ಕಿರೀಟ ಗೆದ್ದಿದ್ದರು. ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಸಂಸ್ಥೆ ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸ್ಪರ್ಧೆ ಏರ್ಪಡಿಸಿದಾಗ ಊರೇ ಎರಡಾಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ಇದನ್ನು ಬಹುರಾಷ್ಟ್ರೀಯ ಕಂಪನಿಗಳ ದಾಳಿ ಎಂದು ಎದುರಿಸಿತು. ಮಹಿಳಾ ಸಂಘಟನೆಗಳಲ್ಲಿ ಕೆಲವು ಸಂಸ್ಕೃತಿಯ ಹೆಸರಿನಲ್ಲಿ, ಕೆಲವು ಹೆಣ್ಣನ್ನು ಸರಕಾಗಿಸುವುದರ ವಿರುದ್ಧ ಬೀದಿಗಿಳಿದವು. ಮದುರೆಯಲ್ಲಿ ಒಬ್ಬ ಯುವಕ ಬೆಂಕಿ ಹಚ್ಚಿಕೊಂಡು ಪ್ರಾಣ ಕಳೆದುಕೊಂಡ. ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಸಾವಿರಾರು ಪೊಲೀಸರ ಕಾವಲಿನಲ್ಲಿ ನಡೆದ ಸ್ಪರ್ಧೆಯಲ್ಲಿ ಗ್ರೀಸ್ ದೇಶದ ಐರೀನ್ ಸ್ಕ್ಲೀವಾ ಗೆದ್ದಳು.

ಆ ದಿನಗಳ ವಾದವಿವಾದವೆಲ್ಲ ವೇದಿಕೆಯ ಮೇಲೆ ನಡೆಯುವ ಹೆಣ್ಣಿನ ಸುತ್ತ ಇತ್ತು. ಆಕೆ ಏನು ತೊಟ್ಟಿದ್ದಾಳೆ, ಎಷ್ಟು ತೊಟ್ಟಿದ್ದಾಳೆ ಎಂಬುದೇ ಪ್ರಶ್ನೆ. ಅದೇ ಊರಿನ ಹೊರವಲಯದಲ್ಲಿ ಅದೇ ವರ್ಷಗಳಲ್ಲಿ ಬೆಳೆಯುತ್ತಿದ್ದ ಸಿದ್ಧ ಉಡುಪು ಕಾರ್ಖಾನೆಗಳ ಹೆಂಗಸರ ವಿಷಯ ಆ ಗದ್ದಲದಲ್ಲಿ ಕೇಳಿಸಿದ್ದು ಕಡಿಮೆ.

ಆನಂತರ ಎಲ್ಲವೂ ಬೇಗ ಬೇಗ ನಡೆಯಿತು. ಭಾರತೀಯ ವಸ್ತ್ರ ವಿನ್ಯಾಸಕಾರರ ಮಂಡಳಿ 1998ರಲ್ಲಿ ಸ್ಥಾಪನೆಯಾಯಿತು. 2000ದ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ದೇಶದ ಮೊದಲ ಫ್ಯಾಷನ್ ವೀಕ್ ನಡೆಯಿತು. ಕೊಡಗಿನ ಮೂಲದ ಪ್ರಸಾದ್ ಬಿದ್ದಪ್ಪ ಬೆಂಗಳೂರಿನಲ್ಲಿ ನೆಲೆಸಿ ಹತ್ತಾರು ರೂಪದರ್ಶಿಗಳನ್ನು ತರಬೇತುಗೊಳಿಸಿದರು. ಬ್ಯಾಡ್ಮಿಂಟನ್ ಆಡಿಕೊಂಡಿದ್ದ ದೀಪಿಕಾ ಪಡುಕೋಣೆ ಈ ಊರಿನಿಂದಲೇ ರ‍್ಯಾಂಪಿಗೆ, ಅಲ್ಲಿಂದ ಸಿನಿಮಾಕ್ಕೆ ಹೋದರು. 2009ರಲ್ಲಿ 'ಬೆಂಗಳೂರು ಫ್ಯಾಷನ್ ವೀಕ್' ಹೆಸರಿನ ಪ್ರದರ್ಶನವೂ ಶುರುವಾಯಿತು. ಇವೆಲ್ಲ ನಡೆದದ್ದು ಹೆಚ್ಚಾಗಿ ಪಂಚತಾರಾ ಹೋಟೆಲುಗಳಲ್ಲಿ. ಜೆ.ಪಿ. ನಗರದ, ಬನಶಂಕರಿಯ ಮಧ್ಯಮ ವರ್ಗದ ಓದುಗರಿಗೆ ಅವು ತಲುಪಿದ್ದು ಪತ್ರಿಕೆಯ ಬಣ್ಣದ ಪುಟದ ಮೂಲಕ.

ಒಂದೇ ಮಾರ್ಗದ ಮೂರು ನಿಲ್ದಾಣ

ಫ್ಯಾಷನ್ನಿನ ಇಡೀ ಸರಪಳಿಯನ್ನು ಒಂದೇ ಕಡೆ ನೋಡಬೇಕೆನ್ನುವವರಿಗೆ ದಕ್ಷಿಣ ಬೆಂಗಳೂರಿಗಿಂತ ಒಳ್ಳೆಯ ಜಾಗವಿಲ್ಲ. ಜಯನಗರದ ಅಂಚಿನ ಆರ್.ವಿ. ರಸ್ತೆಯಿಂದ ಹೊರಡುವ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಅದರಲ್ಲಿ ಬಿಟಿಎಂ ಲೇಔಟ್, ಸೆಂಟ್ರಲ್ ಸಿಲ್ಕ್ ಬೋರ್ಡ್, ಬೊಮ್ಮನಹಳ್ಳಿ ನಿಲ್ದಾಣಗಳು ಒಂದರ ಹಿಂದೆ ಒಂದು ಬರುತ್ತವೆ.

ವಾಹನ ದಟ್ಟಣೆಗೆ ಹೆಸರಾದ ಸಿಲ್ಕ್ ಬೋರ್ಡ್ ವೃತ್ತಕ್ಕೆ ಆ ಹೆಸರು ಬಂದದ್ದು ಕೇಂದ್ರ ರೇಷ್ಮೆ ಮಂಡಳಿಯಿಂದ. 1948ರ ಕಾಯಿದೆಯ ಪ್ರಕಾರ ರಚನೆಯಾದ ಈ ಮಂಡಳಿಯ ಕೇಂದ್ರ ಕಚೇರಿ ಬಿಟಿಎಂ ಲೇಔಟ್‌ನಲ್ಲಿದೆ. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ಕರ್ನಾಟಕ. ರ‍್ಯಾಂಪಿನ ಮೇಲೆ ಮಿನುಗುವ ರೇಷ್ಮೆಯ ಹಿಂದೆ ಹಿಪ್ಪುನೇರಳೆ ಸೊಪ್ಪು ಕಡಿದು ಹುಳುವಿಗೆ ಹಾಕುವ, ಗೂಡು ಹೊತ್ತು ರಾಮನಗರದ ಮಾರುಕಟ್ಟೆಗೆ ಬರುವ ರೈತನಿದ್ದಾನೆ.

ವೃತ್ತದಿಂದ ಒಂದು ಕಡೆಗೆ ಹೋದರೆ ಎಚ್‌ಎಸ್‌ಆರ್ ಲೇಔಟ್. ಅಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ 'ನಿಫ್ಟ್'ನ ಬೆಂಗಳೂರು ಕೇಂದ್ರವಿದೆ. ಕೊನೆಯ ವರ್ಷದ ವಿದ್ಯಾರ್ಥಿಗಳು ತಾವು ರೂಪಿಸಿದ ಉಡುಪುಗಳನ್ನು ರ‍್ಯಾಂಪಿನ ಮೇಲೆ ತೋರಿಸುವುದು ಇಂತಹ ಸಂಸ್ಥೆಗಳ ಪದ್ಧತಿ. ಅಪ್ಪ ಅಮ್ಮ, ಅಣ್ಣ ತಂಗಿ ಪ್ರೇಕ್ಷಕರಾಗಿ ಬರುವ ಷೋ ಎಂದರೆ ಇದೊಂದೇ ಇರಬೇಕು. ಅಲ್ಲಿ ಕುಳಿತ ತಾಯಿಗೆ ಫ್ಯಾಷನ್ನಿನ ಪರಿಭಾಷೆ ತಿಳಿಯದಿರಬಹುದು. ಆದರೆ ಆ ಅರ್ಧ ನಿಮಿಷದ ಉಡುಪಿಗೆ ಎಷ್ಟು ರಾತ್ರಿಗಳ ನಿದ್ದೆ ಹೋಗಿದೆ ಎಂಬುದು ಗೊತ್ತಿರುತ್ತದೆ.

ಹೊಸೂರು ರಸ್ತೆಯಲ್ಲೇ ಮುಂದೆ ಹೋದರೆ ಬೊಮ್ಮನಹಳ್ಳಿ. ಅದರ ಸುತ್ತಮುತ್ತ ಸಿದ್ಧ ಉಡುಪು ಕಾರ್ಖಾನೆಗಳು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಲಕ್ಷಾಂತರ ಮಂದಿ ದುಡಿಯುತ್ತಾರೆ, ಬಹುಪಾಲು ಹೆಂಗಸರು. ಇಲ್ಲಿ ಒಬ್ಬರು ಒಂದು ಅಂಗಿಯನ್ನು ಪೂರ್ತಿ ಹೊಲಿಯುವುದಿಲ್ಲ. ಒಬ್ಬಳು ಕಾಲರ್, ಒಬ್ಬಳು ತೋಳು, ಒಬ್ಬಳು ಜೇಬು, ಇನ್ನೊಬ್ಬಳು ಗುಂಡಿಯ ಮನೆ. ಗಂಟೆಗೆ ಇಷ್ಟು ಎಂಬ 'ಟಾರ್ಗೆಟ್' ಇರುತ್ತದೆ. ದಿನವಿಡೀ ನೂರಾರು ಕಾಲರ್ ಹೊಲಿದವಳಿಗೆ ಮುಗಿದ ಅಂಗಿ ಹೇಗಿದೆ ಎಂದು ನಿಂತು ನೋಡಲೂ ಪುರುಸೊತ್ತಿರುವುದಿಲ್ಲ.

ರ‍್ಯಾಂಪಿನ ಮೇಲಿನ ದುಬಾರಿ ಉಡುಪು ಬೊಮ್ಮನಹಳ್ಳಿಯಲ್ಲಿ ತಯಾರಾಗುತ್ತದೆ ಎಂದಲ್ಲ. ಅದನ್ನು ಹೊಲಿಯುವುದು ವಿನ್ಯಾಸಕಾರರ ಸ್ವಂತ ಕೋಣೆಯ ದರ್ಜಿಗಳು. ಆದರೆ ರ‍್ಯಾಂಪಿನಲ್ಲಿ ಕಂಡ ಬಣ್ಣ, ಕತ್ತರಿಸಿದ ರೀತಿ ಇವನ್ನು ಅಗ್ಗದ ದರದ ಅಂತಾರಾಷ್ಟ್ರೀಯ ಮಳಿಗೆಗಳು ಎತ್ತಿಕೊಳ್ಳುತ್ತವೆ. ಆ ಮಳಿಗೆಗಳ ಬೇಡಿಕೆ ಬರುವುದು ಬೆಂಗಳೂರು, ತಿರುಪ್ಪೂರು, ಢಾಕಾಗಳ ಕಾರ್ಖಾನೆಗಳಿಗೆ. ಹಿಂದೆ ಆರು ತಿಂಗಳಿದ್ದ ಅವಧಿಯನ್ನು ಈ ಮಳಿಗೆಗಳು ಕೆಲವೇ ವಾರಗಳಿಗೆ ಇಳಿಸಿದವು. ಅಂಗಡಿಯಲ್ಲಿ ಹೊಸ ಮಾಲು ಬೇಗ ಬೇಗ ಬರಬೇಕಾದರೆ ಹೊಲಿಗೆ ಯಂತ್ರದ ಮುಂದೆ ಕುಳಿತವಳ ಗಂಟೆಯ ಲೆಕ್ಕ ಏರಲೇಬೇಕು. ಪ್ರೇಕ್ಷಕನ ಆತುರಕ್ಕೂ ಆಕೆಯ ಬೆನ್ನುನೋವಿಗೂ ನಂಟಿರುವುದು ಇಲ್ಲಿ.

ರಸ್ತೆಗಿಳಿದ ಸಾಲು

ಈ ಹೆಂಗಸರನ್ನು ಊರು ಕಣ್ಣೆತ್ತಿ ನೋಡಿದ್ದು 2016ರ ಏಪ್ರಿಲ್ 18 ಮತ್ತು 19ರಂದು. ನೌಕರರ ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರುವರಿಯಲ್ಲಿ ನಿಯಮ ತಂದಿತ್ತು. ಕಾರ್ಖಾನೆಯ ದುಡಿಮೆಯಲ್ಲಿ 58ರ ತನಕ ಬಾಳುವವರು ವಿರಳ. ಮಗಳ ಮದುವೆಗೋ, ಮಗನ ಶಾಲೆಯ ಶುಲ್ಕಕ್ಕೋ, ಸಾಲ ತೀರಿಸಲೋ ಕೆಲಸ ಬಿಟ್ಟು ಪಿ.ಎಫ್. ಹಣ ಪಡೆಯುವುದೇ ಅವರಿಗಿದ್ದ ದಾರಿ. ಆ ಹಣಕ್ಕೇ ಕುತ್ತು ಬಂದಾಗ ಸಾವಿರಾರು ಹೆಂಗಸರು ಯಂತ್ರ ನಿಲ್ಲಿಸಿ ಹೊರಬಂದರು. ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆ ಸ್ತಬ್ಧವಾಯಿತು. ಪ್ರತಿಭಟನೆ ತುಮಕೂರು ರಸ್ತೆಯ ಕಡೆಗೂ ಹಬ್ಬಿತು. ಕೆಲವೆಡೆ ಕಲ್ಲುತೂರಾಟ, ಲಾಠಿ ಪ್ರಹಾರಗಳೂ ನಡೆದವು. ಎರಡನೇ ದಿನ ಸಂಜೆಯೊಳಗೆ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಅದರ ಲಾಭ ಬೊಮ್ಮನಹಳ್ಳಿಗಷ್ಟೇ ಅಲ್ಲ, ದೇಶದ ಕೋಟ್ಯಂತರ ನೌಕರರಿಗೆ ದೊರೆಯಿತು.

ಅದಕ್ಕೆ ಮೂರು ವರ್ಷ ಮೊದಲು, 2013ರ ಏಪ್ರಿಲ್ 24ರಂದು, ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಅವರಲ್ಲಿ ಬಹುತೇಕರು ಗಾರ್ಮೆಂಟ್ ಕಾರ್ಮಿಕರು. ಆ ದುರಂತದ ನಂತರ 'ನನ್ನ ಬಟ್ಟೆ ಹೊಲಿದವರು ಯಾರು?' ಎಂದು ಕಂಪನಿಗಳನ್ನು ಕೇಳುವ ಗ್ರಾಹಕರ ಚಳವಳಿ ಬ್ರಿಟನ್ನಿನಲ್ಲಿ ಹುಟ್ಟಿ ಹಲವು ದೇಶಗಳಿಗೆ ಹಬ್ಬಿತು. ನೋಡುಗನೊಬ್ಬ ಕೇಳಬಹುದಾದ ಅತಿ ಸರಳ ಪ್ರಶ್ನೆ ಅದು.

ಈಗ ಮುಂದಿನ ಸಾಲಿನ ಗೋಡೆ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಬ್ರಿಟನ್ನಿನ ಅಲೆಕ್ಸಾಂಡರ್ ಮೆಕ್ವೀನ್ 2009ರ ಅಕ್ಟೋಬರಿನಲ್ಲಿ ತನ್ನ ಪ್ಯಾರಿಸ್ ಷೋವನ್ನು ಅಂತರಜಾಲದಲ್ಲಿ ನೇರವಾಗಿ ತೋರಿಸಿದಾಗ ಜನ ಮುಗಿಬಿದ್ದು ಪ್ರಸಾರವೇ ಕುಸಿಯಿತು. ಇಂದು ಬನಶಂಕರಿಯ ಮನೆಯ ವರಾಂಡದಲ್ಲಿ ಕುಳಿತ ಹುಡುಗಿ ಪ್ಯಾರಿಸ್ಸಿನ ಷೋವನ್ನು ಅಲ್ಲಿನ ಸಂಪಾದಕಿಯ ಜೊತೆಜೊತೆಗೇ ನೋಡಬಲ್ಲಳು. ಬೊಮ್ಮನಹಳ್ಳಿಯ ಕಾರ್ಮಿಕಳ ಕೈಯಲ್ಲೂ ಅದೇ ಮೊಬೈಲ್ ಇದೆ. ಸಯ್ಯಾಜಿರಾವ್ ರಸ್ತೆಯಂತಹ ಒಂದು ರಸ್ತೆ ಕೊನೆಗೂ ಈ ಪ್ರದರ್ಶನಕ್ಕೆ ದೊರಕಿದಂತಾಗಿದೆ.

ಹಾಗಾಗಿ ಷೋ ನೋಡುವ ಅವಕಾಶ ಸಿಕ್ಕವರು, ಕುರ್ಚಿಯಲ್ಲಿ ಕುಳಿತೋ ಮೊಬೈಲಿನಲ್ಲೋ, ಬೆರಗಾಗುವುದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಉಡುಪು ಒಳ್ಳೆಯ ಹಾಡಿನ ಹಾಗೆ, ಅದನ್ನು ಮೆಚ್ಚಲು ನಾಚಬೇಕಿಲ್ಲ. ಆದರೆ ವಿನ್ಯಾಸಕ ಬಂದು ಕೈಮುಗಿದು ಹೋದ ಮೇಲೆ ಪರದೆಯ ಹಿಂದೆ ಉಳಿಯುವವರಿದ್ದಾರೆ: ಎರಡು ನಿಮಿಷದಲ್ಲಿ ಉಡುಪು ಬದಲಿಸಿದ ಸಹಾಯಕಿ, ಕಸೂತಿ ಹಾಕಿದವಳು, ಗುಂಡಿ ಹೊಲಿದವನು. ನಾಟಕ ಕಂಪನಿಗಳು ಕೊನೆಯಲ್ಲಿ ಬಣ್ಣ ಬಳಿದವರನ್ನೂ ದೀಪ ಹಿಡಿದವರನ್ನೂ ವೇದಿಕೆಗೆ ಕರೆದು ಪರಿಚಯಿಸುವುದುಂಟು. ರ‍್ಯಾಂಪಿನ ಮೇಲೂ ಆ ಪದ್ಧತಿ ಬೇರೂರಿದರೆ ಅದಕ್ಕೆ ಬೇಕಾಗುವುದು ಇನ್ನೆರಡು ನಿಮಿಷ, ಅಷ್ಟೆ.